ಇಸ್ತ್ರಿ ಅತ್ತೆಯ ಮನೆಪಾಠ

ಬೀದಿ ತಿರುವಿನ ಇಸ್ತ್ರಿ ಅಂಗಡಿಗೆ ಸಂಜೆಯಾದರೆ ಬಟ್ಟೆಗಿಂತ ಹೆಚ್ಚಾಗಿ ಮಕ್ಕಳ ಹೋಂವರ್ಕೇ ಬರುತ್ತಿತ್ತು. ಇಸ್ತ್ರಿ ಅತ್ತೆಗೆ ಯಾವ ವಿಷಯವಾದರೂ ಒಂದೇ. "ಮೊದಲು ಪ್ರಶ್ನೆ ಗಟ್ಟಿಯಾಗಿ ಓದು, ನುಂಗ್ಬೇಡ," ಎನ್ನುವಳು. ಭಿನ್ನರಾಶಿ ಎಂದರೆ ಯಾರ ಮನೆಯದೋ ಬೆಡ್‌ಶೀಟನ್ನು ಅರ್ಧ, ಕಾಲು, ಅರೆಕಾಲು ಎಂದು ಮಡಿಚಿ ತೋರಿಸುವಳು. ಭೂಗೋಳಕ್ಕೆ ಮುದುರಿದ ಅಂಗಿಯೇ ಬೆಟ್ಟದ ಸಾಲು, ತೋಳಿನ ಹೊಲಿಗೆ ನದಿ, ಜೇಬು ಸಮುದ್ರ. ಒಮ್ಮೆ ನದಿಯನ್ನು ಸಮುದ್ರ ಸೇರಿಸುವ ಸಂಭ್ರಮದಲ್ಲಿ ವಕೀಲರ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಮರೆತದ್ದಕ್ಕೆ ಅಲ್ಲೊಂದು ಕಂದು ದ್ವೀಪವೇ ಎದ್ದಿತು. "ಹೋಗ್ಲಿ ಬಿಡಿ ಸ್ವಾಮಿ, ಮೇಲೆ ಕರಿ ಕೋಟು ಹಾಕ್ತೀರಲ್ಲ," ಎಂದು ಅವರನ್ನೇ ಸಮಾಧಾನ ಮಾಡಿ ಕಳಿಸಿದಳು. ಆದರೆ ಅತ್ತೆ ಓದಿದ್ದು ಏಳನೆಯ ತರಗತಿಯವರೆಗೆ ಮಾತ್ರ. ಎಂಟಕ್ಕೆ ಹೋದ ಮಕ್ಕಳು ಬರುವುದನ್ನೇ ಮೆಲ್ಲಗೆ ಬಿಡುತ್ತಿದ್ದರು. ಹಾಲಿನವನ ಮಗಳೊಬ್ಬಳು ಮಾತ್ರ ಬೀಜಗಣಿತ ಹಿಡಿದುಕೊಂಡು ಬಂದು, "ಇದು ತಲೆಗೆ ಹತ್ತದಿದ್ರೆ ಶಾಲೇನೇ ಬಿಟ್ಬಿಡ್ತೀನಿ ಅತ್ತೆ," ಎಂದು ಕಣ್ಣೊರೆಸಿಕೊಂಡಳು. "ಇವತ್ತು ಕೈತುಂಬ ಕೆಲಸ ಕಣೇ, ನಾಳೆ ಬಾ," ಎಂದಳು ಅತ್ತೆ. ಮರುದಿನ ಹುಡುಗಿ ಹೊತ್ತಿಗೆ ಮುಂಚೆಯೇ ಬಂದಳು. ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು, ಬಟ್ಟೆಯ ಗಂಟು ಬಿಚ್ಚಿರಲಿಲ್ಲ. ಅತ್ತೆ ಎಲ್ಲಿಂದಲೋ ತಂದ ಎಂಟನೆಯ ತರಗತಿಯ ಪುಸ್ತಕದ ಮೇಲೆ ಬಾಗಿ, ಬೆವರೊರೆಸಿಕೊಳ್ಳುತ್ತ ಅದೇ ಲೆಕ್ಕ ಮಾಡುತ್ತಿದ್ದಳು. "ಅಯ್ಯೋ, ನಿಮಗೂ ಬರಲ್ವಾ ಅತ್ತೆ?" ಅತ್ತೆ ಪುಸ್ತಕ ಮುಚ್ಚಿಡಲು ಹೋಗಿ, ಮತ್ತೆ ಬಿಚ್ಚಿ ಹುಡುಗಿಯ ಕಡೆ ತಿರುಗಿಸಿದಳು. "ನೆನ್ನೆ ಏನೂ ಬರ್ತಿರ್ಲಿಲ್ಲ ಕಣೇ. ಈಗ ಅರ್ಧ ಬರುತ್ತೆ. ಆ ಅರ್ಧ ಹೇಳ್ಕೊಡ್ತೀನಿ, ಕೂತ್ಕೋ."