ಬಬಲೇಶ್ವರ ಶಾಲೆಯ ಫೈರ್‌ವಾಲ್

ಸೊಲ್ಲಾಪುರ ರಸ್ತೆಯ ಅಂಗಡಿಯಿಂದ ತಂದ ವೈಫೈ ರೌಟರಿನ ಡಬ್ಬಿ ಬಿಚ್ಚಿದೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನೆನಪಿನ ಪರದೆ ಎದ್ದಿತು ನೋಡಿ! ಕಣ್ಣ ಮುಂದೆ ಬಬಲೇಶ್ವರದ ನಮ್ಮ ಶಾಲೆ, ಕಸೂತಿ ಬಟ್ಟೆ ಹೊದ್ದ, ನಾವು ಮುಟ್ಟಲೂ ಹೆದರುತ್ತಿದ್ದ ಒಂದೇ ಒಂದು ಕಂಪ್ಯೂಟರು, ಪಕ್ಕದಲ್ಲಿ ನಮ್ಮ ಶಾಂತಾ ಟೀಚರು!

ತಪಾಸಣೆಗೆ ಬರುವ ಸಾಹೇಬರ ಮುಂದೆ ನಾವು ನೆಟ್‌ವರ್ಕಿನ ಪಾಠ ಒಪ್ಪಿಸದಿದ್ದರೆ ಆ ಕಂಪ್ಯೂಟರ್ ಬೇರೆ ಶಾಲೆಯ ಪಾಲು. ಬಾಯಿಪಾಠ ಯಾರ ತಲೆಗೂ ಹತ್ತಲಿಲ್ಲ. ಟೀಚರು ಪಾಠವನ್ನೇ ನಾಟಕ ಮಾಡಿದರು. ಸಂದೇಶದ ಚೀಟಿ ಹಿಡಿದು ಓಡುವವರು ಡೇಟಾ ಪ್ಯಾಕೆಟ್ಟುಗಳು. ಅವರಿಗೆ ದಾರಿ ತೋರುವ ಗೆಳತಿ ಗಂಗವ್ವ ರೌಟರ್. ಅಪರಿಚಿತರನ್ನು ಬಾಗಿಲಲ್ಲೇ ತಡೆಯುವ ಫೈರ್‌ವಾಲ್, ಸಾಕ್ಷಾತ್ ನಾನು!

ಆದರೆ ತಾಲೀಮಿನಲ್ಲಿ ಯಾರು ಬಂದರೂ, ಮನೆಯಲ್ಲಿ ಕಲಿತದ್ದೇ ಬಾಯಿಗೆ ಬರುತ್ತಿತ್ತು: "ಬರ್ರಿ, ಒಳಗ ಬರ್ರಿ, ನೀರು ಕುಡೀರಿ!"

ಟೀಚರು ಹಣೆ ಬಡಿದುಕೊಂಡರು. "ಅಯ್ಯ ನನ್ನ ಕರ್ಮ! ಕಳ್ಳರಿಗೂ ನೀರು ಕೊಡ್ತಿ ಏನಲೇ? ಮೊದಲ ಪಾಸ್‌ವರ್ಡ್ ಕೇಳು!"

ಸಾಹೇಬರು ಬಂದೇಬಿಟ್ಟರು. ನಾನು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತು ಗುಡುಗಿದೆ: "ನಿಲ್ರಿ! ಪಾಸ್‌ವರ್ಡ್ ಹೇಳ್ರಿ!"

ಟೀಚರ ಮುಖ ಬಿಳುಚಿತು.

"ನನಗ ಗೊತ್ತಿಲ್ಲಲ್ಲೋ ತಮ್ಮಾ," ಎಂದರು ಸಾಹೇಬರು.

"ಹಂಗಾರ ಒಳಗ ಬಿಡೂದಿಲ್ರಿ. ನೀರು ಬೇಕಂದ್ರ ಹೊರಗ ತಂದ ಕೊಡ್ತೇನಿ!"

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಹೊರಗೇ ನಿಂತು ನೀರು ಕುಡಿದರು. "ಟೀಚರ, ಪಾಠ ಮುಟ್ಟೇತ್ರಿ. ಕಂಪ್ಯೂಟರ್ ಇಲ್ಲೇ ಇರಲಿ," ಎಂದರು.

ಅಂದಿನಿಂದ ನಾನು ಅಂಥ ಯಾವ ಯಂತ್ರಕ್ಕೂ ಹೆದರಿದ್ದಿಲ್ಲ. ಇದೀಗ ಈ ಹೊಸ ರೌಟರಿನಲ್ಲಿ ನನ್ನ ಮನೆಯ ನೆಟ್‌ವರ್ಕಿಗೊಂದು ಹೆಸರು ಕೊಡಬೇಕಂತೆ. ಕೈಮುಗಿದು, 'ಶಾಂತಾ ಟೀಚರ್' ಎಂದು ಬರೆದೆ.