ರೇಖಾ ನಿಂತ ಮೂಲೆಗೆ ಯಾರೂ ಬರುತ್ತಿರಲಿಲ್ಲ

“ಡಿಫೆನ್ಸ್ ಅಳೆಯೋ ಲೆಕ್ಕ ಅಂತ ಒಂದಿಲ್ಲ ಮೇಡಂ. ಹಿಡಿದ್ರೆ ಪಾಯಿಂಟು, ಬಿಟ್ರೆ ಇಲ್ಲ. ಆ ಹುಡುಗಿ ಯೂನಿವರ್ಸಿಟಿ ಟೀಮಿಗೆ ಹೋಗೋದು ಆಗದ ಮಾತು.” ಹೀಗೆಂದವರು ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ ಶಿವಮೂರ್ತಿಯವರು. ಅದು ನನ್ನ ನಿವೃತ್ತಿಯ ಹಿಂದಿನ ವರ್ಷ. ಕಡೂರಿನ ಒಂದು ಪದವಿ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರದ ಅಧ್ಯಾಪಕಿ. ದೇವನೂರಿನ ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಯಾರೂ ದಾನ ಕೊಟ್ಟದ್ದಲ್ಲ. ಆದರೆ ಆ ಹೊತ್ತಿಗೆ ನಿಜಕ್ಕೂ ದಣಿದಿದ್ದೆ. ಪಾಠ ಹೇಳುವುದಕ್ಕಿಂತ ಪೋರ್ಟಲ್‌ಗೆ ಮಾಹಿತಿ ತುಂಬುವುದೇ ದೊಡ್ಡ ಕೆಲಸವಾಗಿತ್ತು.

ಅವರು ಹೇಳಿದ ಹುಡುಗಿ ರೇಖಾ. ಚೌಳಹಿರಿಯೂರಿನವಳು, ಕೊನೆಯ ವರ್ಷದ ಬಿ.ಎ. ಕಾಲೇಜಿನ ಕಬಡ್ಡಿ ತಂಡದಲ್ಲಿ ಎಡ ಕಾರ್ನರ್, ಅಂದರೆ ಎಡತುದಿಯಲ್ಲಿ ನಿಂತು, ಎದುರು ತಂಡದಿಂದ ನುಗ್ಗಿ ಬರುವ ರೈಡರನ್ನು ಹಿಡಿಯುವವಳು. ಓದಿನಲ್ಲಿ ಅಷ್ಟಕ್ಕಷ್ಟೆ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಸರ್ಟಿಫಿಕೇಟ್ ಸಿಕ್ಕರೆ ಕ್ರೀಡಾ ಕೋಟಾದಲ್ಲಿ ದೈಹಿಕ ಶಿಕ್ಷಣದ ಬಿ.ಪಿ.ಎಡ್ ಸೀಟು, ಸಿಗದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅವಳ ಮನೆಯಲ್ಲಿ ಅವಳಿಗಿಂತ ಮುಂಚೆ ಯಾರೂ ಹೈಸ್ಕೂಲು ದಾಟಿರಲಿಲ್ಲ. ಆಯ್ಕೆಗೆ ಹೆಸರು ಕಳಿಸುವಾಗ ನೋಡುತ್ತಿದ್ದದ್ದು ರೈಡರನ್ನು ಹಿಡಿದಾಗ ಸಿಗುವ ಟ್ಯಾಕಲ್ ಪಾಯಿಂಟ್ ಒಂದನ್ನೇ. ರೇಖಾಳದು ತೀರಾ ಕಡಿಮೆ.

“ಯಾಕೆ ಹಿಡಿಯಲ್ಲ ನೀನು?” ಎಂದು ಕೇಳಿದೆ.

“ಬಂದ್ರೆ ತಾನೆ ಮೇಡಂ ಹಿಡಿಯೋದು? ನನ್ ಕಡೆ ಯಾರೂ ಬರೋದೇ ಇಲ್ಲ” ಎಂದಳು. ಸಿಟ್ಟಿನಲ್ಲಿದ್ದಳು.

ಆ ಮಾತು ಕೇಳಿದಾಗ ನೆನಪಾದದ್ದು ಐಸ್ ಹಾಕಿ. ಮಂಜುಗಡ್ಡೆಯ ಮೇಲೆ ಆಡುವ ಆ ಆಟವನ್ನು ನಾನು ಮೊಬೈಲಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಅದರ ಅಂಕಿಅಂಶಗಳನ್ನು ಮಾತ್ರ ತರಗತಿಯಲ್ಲಿ ಉದಾಹರಣೆಗೆ ಬಳಸುತ್ತಿದ್ದೆ. ಅಲ್ಲಿ ಒಳ್ಳೆಯ ಡಿಫೆಂಡರ್ ಎಷ್ಟು ಸಲ ಎದುರಾಳಿಗೆ ಗುದ್ದಿದ, ಎಷ್ಟು ಹೊಡೆತ ತಡೆದ ಎಂದಷ್ಟೇ ನೋಡುವುದಿಲ್ಲ. ಅವನು ಅಂಕಣದಲ್ಲಿದ್ದಾಗ ಎದುರಾಳಿಗಳು ಗೋಲಿನತ್ತ ಎಷ್ಟು ಹೊಡೆತ ಹೊಡೆದರು, ಅವನು ಬೆಂಚಿನಲ್ಲಿದ್ದಾಗ ಎಷ್ಟು ಹೊಡೆದರು ಎಂದು ಎರಡನ್ನೂ ಪಕ್ಕಪಕ್ಕ ಇಡುತ್ತಾರೆ. ಕಬಡ್ಡಿಯಲ್ಲಿ ಇದು ಇನ್ನೂ ಸುಲಭ ಎನಿಸಿತು. ಔಟಾದವಳು ಹೊರಗೆ ಕೂರುತ್ತಾಳೆ, ಆಟ ಅವಳಿಲ್ಲದೆ ನಡೆಯುತ್ತದೆ.

ಹುಡುಗಿಯರ ವಾಟ್ಸಾಪ್ ಗುಂಪಿನಿಂದ ವಿಡಿಯೋ ತರಿಸಿದೆ. ಅಲ್ಲೇ ಎಡವಿದ್ದು. ನಮ್ಮ ಕಡೆ ಪಂದ್ಯದ ವಿಡಿಯೋ ಮಾಡುವವರಿಗೆ ಕೂಗಾಟ, ಎಳೆದಾಟ ಬೇಕು. ರೈಡರ್ ಬಂದು, ಸುಮ್ಮನೆ ಸುಳಿದು, ಬರಿಗೈಯಲ್ಲಿ ಹೋದ ಖಾಲಿ ರೈಡುಗಳನ್ನೆಲ್ಲ ಕತ್ತರಿಸಿ ಎಸೆದಿದ್ದರು. ರೇಖಾಳ ಆಟವೆಲ್ಲ ಆ ಎಸೆದ ಭಾಗದಲ್ಲೇ ಇತ್ತು. ಕೊನೆಗೆ ತರೀಕೆರೆಯ ಟೂರ್ನಮೆಂಟನ್ನು ನೇರಪ್ರಸಾರ ಮಾಡಿದ್ದ ಕೇಬಲ್‌ನವರ ಹತ್ತಿರ ಪೂರ್ತಿ ರೆಕಾರ್ಡಿಂಗ್ ಸಿಕ್ಕಿತು. ರಜಾ ದಿನಗಳೆಲ್ಲ ಅದಕ್ಕೇ ಹೋದವು. ಕಣ್ಣು ಉರಿಯುತ್ತಿತ್ತು.

ರೇಖಾ ಅಂಕಣದಲ್ಲಿದ್ದಾಗ ಎದುರಾಳಿಗಳಿಗೆ ಹೋದ ಪಾಯಿಂಟು ಕಡಿಮೆ, ಅವಳು ಔಟಾಗಿ ಕೂತಾಗ ಹೆಚ್ಚು. ಐಸ್ ಹಾಕಿಯ ಲೆಕ್ಕ ವಿವರಿಸಿ ಈ ಫಲಿತಾಂಶ ತೋರಿಸಿದಾಗ ಶಿವಮೂರ್ತಿ ನಕ್ಕರು. “ಹಾಕೀಲಿ ಕೋಲು ಮೇಡಂ, ಕಬಡ್ಡೀಲಿ ಕಾಲು! ಅವಳು ಔಟಾದಾಗ ನಮ್ಮೋರು ಒಬ್ಬರು ಕಮ್ಮಿ ತಾನೆ? ಆಗ ಎದುರಿನೋರಿಗೆ ಪಾಯಿಂಟ್ ಹೋಗೇ ಹೋಗುತ್ತೆ. ಇದ್ರಲ್ಲಿ ಅವಳದೇನು ದೊಡ್ಡಸ್ತಿಕೆ?”

ಒಪ್ಪಲೇಬೇಕಾದ ಮಾತು. ಐಸ್ ಹಾಕಿಯಲ್ಲೂ ತಪ್ಪು ಮಾಡಿದ ಆಟಗಾರ ಹೊರಗೆ ಕೂತಾಗ ತಂಡ ಸೊರಗುತ್ತದೆ. ಅದಕ್ಕೇ ಅವರು ಎರಡೂ ಕಡೆ ಸಮಬಲವಿದ್ದ ಆಟವನ್ನು ಬೇರೆ ತೆಗೆದು ನೋಡುತ್ತಾರೆ. ಮತ್ತೆ ಕೂತೆ. ಈ ಸಲ ಅಂಕಣದಲ್ಲಿ ನಮ್ಮವರು ಐವರೇ ಇದ್ದ ರೈಡುಗಳನ್ನು ಮಾತ್ರ ಆರಿಸಿದೆ: ಐವರಲ್ಲಿ ರೇಖಾ ಒಬ್ಬಳಾಗಿದ್ದವು ಒಂದು ಕಡೆ, ಅವಳಿಲ್ಲದವು ಇನ್ನೊಂದು ಕಡೆ. ವ್ಯತ್ಯಾಸ ಕುಗ್ಗಿತು, ಆದರೆ ಅಳಿಯಲಿಲ್ಲ. ಅವಳಿದ್ದಾಗ ಖಾಲಿ ರೈಡುಗಳೇ ಹೆಚ್ಚು. ಇನ್ನೊಂದೂ ಕಂಡಿತು. ಅವಳಿಗೆ ಹೆದರಿದ ರೈಡರುಗಳು ಬಲಕ್ಕೇ ನುಗ್ಗುತ್ತಿದ್ದರು. ಬಲ ಕಾರ್ನರಿನ ಹುಡುಗಿಯ ಪಾಯಿಂಟುಗಳು ಬಹುಪಾಲು ಹಾಗೆ ಬಂದವು.

ಶಿವಮೂರ್ತಿ ಹಾಳೆಯನ್ನು ಬಹಳ ಹೊತ್ತು ನೋಡಿದರು. “ಲೆಕ್ಕಕ್ಕೆ ಸಿಕ್ಕಿರೋ ರೈಡುಗಳೇ ಕಮ್ಮಿ ಇವೆಯಲ್ಲ ಮೇಡಂ.”

“ಕಮ್ಮಿ ಇವೆ. ಖಾತ್ರಿ ಅಂತ ನಾನೂ ಹೇಳಲ್ಲ. ಟ್ರಯಲ್‌ಗೆ ಕಳಿಸಿ, ಅಲ್ಲಿ ನೋಡ್ಲಿ ಅನ್ನೋದಷ್ಟೇ.”

“ಕಳಿಸ್ತೀನಿ. ಆಗಲಿಲ್ಲ ಅಂದ್ರೆ ನನ್ನ ಬೈಬೇಡಿ.”

ಅಜ್ಜಂಪುರದ ಟ್ರಯಲ್‌ಗೆ ಅವರೇ ಕರೆದುಕೊಂಡು ಹೋದರು. ಆಯ್ಕೆಗಾರರಿಗೆ ನನ್ನ ಹಾಳೆ ಓದುವ ಪುರುಸೊತ್ತಿರಲಿಲ್ಲ. ಇವರೇ ಪಕ್ಕದಲ್ಲಿ ನಿಂತು, “ಸಾರ್, ಆ ಮೂಲೆ ನೋಡ್ತಾ ಇರಿ, ಯಾರು ಹೋಗ್ತಾರೆ ನೋಡಿ” ಎನ್ನುತ್ತಿದ್ದರಂತೆ. ಪಟ್ಟಿಯ ಕೊನೆಯ ಹೆಸರು ರೇಖಾಳದು. ವಿಶ್ವವಿದ್ಯಾಲಯದ ಪರವಾಗಿ ಅವಳು ಆಡಿದ್ದು ಅಷ್ಟಿಷ್ಟೇ, ಬೆಂಚಿನಲ್ಲಿ ಕೂತದ್ದೇ ಜಾಸ್ತಿ. ಸೀಟಿಗೆ ಅದು ಸಾಕಾಯಿತು.

ಆಟವನ್ನಾಗಲಿ ಜನರನ್ನಾಗಲಿ ಅಳೆಯುವಾಗ ಕಣ್ಣಿಗೆ ಬಿದ್ದದ್ದನ್ನು ಎಣಿಸುವುದು ಸುಲಭ. ಒಬ್ಬರು ಇದ್ದದ್ದರಿಂದ ಏನು ಆಗಲಿಲ್ಲ ಎಂಬುದನ್ನು ಹುಡುಕಿ ಎಣಿಸಬೇಕು, ಅದು ಮೈಮುರಿಯುವ ಕೆಲಸ. ವೃತ್ತಿ ನನಗೆ ಕಲಿಸಿದ್ದು ಇದನ್ನೇ, ಅದೂ ತಡವಾಗಿ.

ಕಾಲೇಜಿನ ಸಭಾಂಗಣದಲ್ಲಿ ಪ್ರಾಂಶುಪಾಲರು ರೇಖಾಳ ಕೈಗೆ ಸರ್ಟಿಫಿಕೇಟ್ ಕೊಟ್ಟರು. ಅವಳ ತಾಯಿ ಜಯಮ್ಮ ಊರಿಂದ ಬಂದಿದ್ದರು. ಮಗಳು ಏನು ಮಾಡಿದ್ದಕ್ಕೆ ಇದು ಎಂದು ಕೇಳಿದರು. ನನಗೆ ತಿಳಿದ ಹಾಗೆ ಬಿಡಿಸಿ ಹೇಳಿದೆ. ಜಯಮ್ಮ ಸರ್ಟಿಫಿಕೇಟನ್ನು ಸೆರಗಿನಿಂದ ಒರೆಸಿ ಮಗಳಿಗೆ ಕೊಟ್ಟು, ನನ್ನ ಕಡೆ ತಿರುಗಿ ನಕ್ಕರು.

“ಏನೂ ಆಗ್ದಂಗೆ ನೋಡ್ಕೊಂಡಿದ್ದಕ್ಕೂ ಕೊಡ್ತಾರಾ ಮೇಡಂ? ಹಂಗಾದ್ರೆ ನಮ್ಮನೇಲಿ ನಂಗೂ ಒಂದು ಬರ್ಸಿಕೊಡಿ.”