ದೊರೆಗೆ ಹೇಳದ ನೋವು

ಮೊನ್ನೆ ಮೊಮ್ಮಗಳು ಹುಟ್ಟುಹಬ್ಬದ ಕರೆಯೋಲೆಗಳಿಗೆ ಮುದ್ರೆ ಒತ್ತಲೆಂದು ಅಡುಗೆಮನೆಯಲ್ಲಿ ಕೆಂಪು ಅರಗು ಕರಗಿಸುತ್ತಿದ್ದಳು. ಆ ವಾಸನೆ ಮೂಗಿಗೆ ತಾಕಿದ್ದೇ ನಾನು ಸೌಟು ಹಿಡಿದು ಸುಮ್ಮನೆ ನಿಂತುಬಿಟ್ಟೆ. ಎಪ್ಪತ್ತರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ಥಾರ್ನ್ಲಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಂಕಲ್, ಊರಿಗೆ ಕಳಿಸುವ ಸಣ್ಣ ಪಾರ್ಸೆಲ್ಲಿಗೂ ಹೀಗೇ ಅರಗು ಹಾಕುತ್ತಿದ್ದರು...

ಬ್ರಿಟಿಷರ ಕಾಲದಲ್ಲಿ ಅವರು ಬೆಂಗಳೂರು ದಂಡು ಪ್ರದೇಶದ ಕಲೆಕ್ಟರ್ ಕಚೇರಿಯಲ್ಲಿ ಟಪಾಲು ಗುಮಾಸ್ತರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಡಾಕ್ಟರ್ ಮಗನ ಜೊತೆ ಇರಲು ಬಂದಿದ್ದರು. ಮಗ, ಸೊಸೆ, ನನ್ನ ಗಂಡ ಎಲ್ಲರೂ ಆಸ್ಪತ್ರೆಯ ಕೆಲಸಕ್ಕೆ ಹೋದರೆ, ಆ ಬೀದಿಯಲ್ಲಿ ಹಗಲು ಕನ್ನಡ ಮಾತಾಡಲು ಉಳಿಯುತ್ತಿದ್ದವರು ನಾವಿಬ್ಬರೇ.

ಕಾಫಿಗೆ ಬಂದಾಗ ಕಚೇರಿಯ ಸುದ್ದಿ ತೆಗೆಯುತ್ತಿದ್ದರು. ಬೆಳಿಗ್ಗೆ ಬಿಳಿ ದೊರೆ ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಲ್ಲಬೇಕು. ಆತ ಮೇಜುಗಳ ನಡುವೆ ನಡೆಯುತ್ತ ಹೇಗಿದ್ದೀರಿ ಎಂದು ಕೇಳುತ್ತಾನೆ. ಜ್ವರ ಸುಡುತ್ತಿದ್ದರೂ ಉತ್ತರ ಒಂದೇ, "ಕ್ವೈಟ್ ವೆಲ್, ಸರ್." ಅಂಕಲ್ ಆ ದನಿಯಲ್ಲೇ ಹೇಳಿ ನಗಿಸುತ್ತಿದ್ದರು.

ಒಂದು ಬೆಳಿಗ್ಗೆ ಅವರು ಕಾಫಿ ಅರ್ಧಕ್ಕೇ ಬಿಟ್ಟರು. ಎದೆಯ ನಡುವೆ, ಸ್ವಲ್ಪ ಎಡಕ್ಕೆ, ಅಂಗೈ ಇಟ್ಟುಕೊಂಡು, "ಇಲ್ಲಿ ಯಾರೋ ಒತ್ತಿ ಹಿಡ್ಕೊಂಡ ಹಾಗಿದೆ ಕಣಮ್ಮ" ಎಂದರು. ನಾನು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಕ್ಯಾನಿಂಗ್ಟನ್‌ನ ಡಾಕ್ಟರ ಹತ್ತಿರ ಹೊರಟೆ. ದಾರಿಯಲ್ಲಿ, "ನಿನ್ನ ಡ್ರೈವಿಂಗ್ ನೋಡಿ ಆ ನೋವೂ ಹೆದರಿ ಓಡ್ಹೋಯ್ತು" ಎಂದು ಚುಡಾಯಿಸಿದರು.

ಡಾಕ್ಟರು ಕೆಂಪು ಮುಖದ ಎತ್ತರದ ಮನುಷ್ಯ. ಆಗ ಅಲ್ಲಿನ ಗಂಡಸರು ಬೇಸಿಗೆಯಲ್ಲಿ ಹಾಕುತ್ತಿದ್ದಂತೆ ಇಸ್ತ್ರಿ ಮಾಡಿದ ಚಡ್ಡಿ, ಮೊಣಕಾಲವರೆಗಿನ ಬಿಳಿ ಕಾಲುಚೀಲ. ಆತ ಬಾಗಿಲಲ್ಲಿ ಕಂಡದ್ದೇ ಅಂಕಲ್ ನೆಟ್ಟಗೆ ಎದ್ದು ನಿಂತರು.

"ಹೌ ಆರ್ ಯು, ಮೇಟ್?"

"ಕ್ವೈಟ್ ವೆಲ್, ಸರ್."

ಎದೆ ಒತ್ತುತ್ತಿದೆಯಂತೆ ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಅಂಕಲ್ ನಕ್ಕು, ಪಾಪ, ಎದುರು ಮನೆಯ ಹುಡುಗಿ, ಎಲ್ಲಕ್ಕೂ ಗಾಬರಿ ಬೀಳುತ್ತಾಳೆ ಎಂದುಬಿಟ್ಟರು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಮತ್ತೆ ಮತ್ತೆ ಆಲಿಸಿದರು. ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ ಎಂದರು. "ನಾಟ್ ನೆಸೆಸರಿ, ಸರ್." ಅಂಕಲ್ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು.

ಕಾರಿನಲ್ಲಿ ನಾನು ಸಿಟ್ಟಾದೆ. "ಯಾಕಂಕಲ್ ಹಾಗಂದ್ಬಿಟ್ರಿ?"

"ರೆಕಾರ್ಡ್ ರೂಮಲ್ಲಿ ಒಬ್ಬ ಗುಮಾಸ್ತ ಇದ್ದ. ಒಂದಿನ ಎದೆನೋವು ಅಂತ ದೊರೆ ಹತ್ರ ಬಾಯಿಬಿಟ್ಟ. ಸಿವಿಲ್ ಸರ್ಜನ್ ಅನ್‌ಫಿಟ್ ಅಂತ ಬರ್ದು ಮನೆಗೆ ಕಳಿಸ್ದ. ಅವನ ಕುರ್ಚೀಲಿ ನನ್ನನ್ನೇ ಕೂರಿಸಿದ್ರು."

"ಇಲ್ಲಿ ಯಾರು ನಿಮ್ಮ ಕೆಲಸ ಕಿತ್ಕೋತಾರೆ? ಮಗನಿಗಾದ್ರೂ ಹೇಳ್ಬಾರ್ದಾ?"

"ಅವನೂ ಈಗ ಸರ್ಕಾರಿ ಡಾಕ್ಟ್ರಲ್ವೇನಮ್ಮ... ಅವನೂ ದೊರೆನೇ." ಈ ಸಲ ಅವರು ನಗಲಿಲ್ಲ.

ಮನೆಗೆ ಬಂದದ್ದೇ ಆಸ್ಪತ್ರೆಯಲ್ಲಿದ್ದ ಅವರ ಮಗನಿಗೆ ಫೋನ್ ಮಾಡಿದೆ. "ಮಧ್ಯಾಹ್ನದವರೆಗೂ ಕಾಯೋದು ಬೇಡ ಅಕ್ಕ, ಈಗ್ಲೇ ಇಲ್ಲಿಗೆ ಕರ್ಕೊಂಡ್ಬನ್ನಿ" ಎಂದರು. ಅಂಕಲ್ ಕೊನೆಗೂ ಒಪ್ಪಿದರು. ಆದರೆ ಆಸ್ಪತ್ರೆಗೆ ಹೋಗಲು ಕೋಟು ಬೇಕೆಂದು ಒಳಗೆ ಹೋದರು. ಬರುವುದು ತಡವಾಯಿತೆಂದು ನೋಡಿದರೆ ಮಂಚದ ಅಂಚಿನಲ್ಲಿ ಒರಗಿದ್ದರು. ಒಂದು ತೋಳು ಕೋಟಿನೊಳಗಿತ್ತು, ಇನ್ನೊಂದು ಹೊರಗೆ...

ಎಲ್ಲ ಮುಗಿದ ಮೇಲೆ ಅವರ ಮಗ ನಮ್ಮ ಮನೆಗೆ ಬಂದರು. ಕೇಳಿದ್ದು ಒಂದೇ. "ಎಲ್ಲಿ ನೋವು ಅಂದ್ರು, ಅಕ್ಕ?"

ನಾನು ನನ್ನ ಎದೆಯ ಮೇಲೆ ಅಂಗೈ ಇಟ್ಟು ತೋರಿಸಿದೆ. ಅವರೂ ತಮ್ಮ ಎದೆಯ ಮೇಲೆ ಅದೇ ಜಾಗಕ್ಕೆ ಅಂಗೈ ಇಟ್ಟುಕೊಂಡು, ಸರಿಯಾಗಿದೆಯೇ ಎನ್ನುವಂತೆ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ.

ಆಮೇಲೆ ಅವರು ಬ್ರಿಸ್ಬೇನ್‌ಗೆ ಹೋದರು. ಹೋದ ತಿಂಗಳು ಅವರೂ ಇಲ್ಲವಾದರೆಂದು ಸುದ್ದಿ ಬಂತು. ಅಂಕಲ್ಲಿಗೆ ಎಲ್ಲಿ ನೋವಿತ್ತೆಂದು ಬಲ್ಲವಳು ಈಗ ನಾನೊಬ್ಬಳೇ. ಕೇಳುವವರು ಯಾರೂ ಉಳಿದಿಲ್ಲ.